ಹೊಟ್ಟೆ ಮುಟ್ಟಬಾರದು

ಜನವರಿ 8, 2025, ಬುಧವಾರ

ಎಂಟನೇ ಸ್ಕ್ಯಾನು. ಮಂಡ್ಯದಲ್ಲಿ ಅದೇ ರೂಮು, ಅದೇ ತಣ್ಣನೆಯ ಜೆಲ್ಲಿ. ಎರಡು ವರ್ಷದ ಮಗಳು ಚಂದನ ಮಾಮೂಲಿನಂತೆ ಎಡಗಾಲಲ್ಲಿ ಒದ್ದಳು. ಬಲಗಾಲಿಗಿಂತ ಎಡಗಾಲು ದಪ್ಪ, ಒದೆಯೂ ಜೋರು. ಎರಡೂ ಕಿಡ್ನಿ ಕ್ಲಿಯರ್. ಲಿವರ್ ಕ್ಲಿಯರ್. ಮುಂದಿನದು ಏಪ್ರಿಲ್ 9.

ಡಾ. ವೀಣ ಮತ್ತೆ ಎಚ್ಚರಿಸಿದರು — ಮಗುವಿನ ಹೊಟ್ಟೆ ಒತ್ತಬಾರದು, ನೀವಬಾರದು. ಒಳಗೆ ಗೆಡ್ಡೆ ಏನಾದರೂ ಕಟ್ಟಿದ್ದರೆ ಒಡೆದು ಹರಡೀತು. ಮನೆಗೆ ಬಂದು ಅತ್ತೆಗೆ ಹೇಳಿದೆ. ಹೊಳಲಿನ ನಮ್ಮ ಬೀದಿಯಲ್ಲಿ ಮೂವತ್ತು ವರ್ಷದಿಂದ ಹುಟ್ಟಿದ ಕೂಸಿಗೆಲ್ಲ ಎಣ್ಣೆ ಹಚ್ಚಿ ನೀರು ಹುಯ್ದವರು ಅತ್ತೆ ಮಲ್ಲಿಗಮ್ಮ. ಹರಳೆಣ್ಣೆ ಹಚ್ಚಿ ಹೊಟ್ಟೆ ನೀವದಿದ್ದರೆ ಅವರ ಪ್ರಕಾರ ಅದು ಸ್ನಾನವೇ ಅಲ್ಲ. 'ಆಯ್ತು ಬುಡು' ಎಂದರು. ಆ 'ಆಯ್ತು' ನನಗೆ ಗೊತ್ತು.

ಜನವರಿ 19, ಭಾನುವಾರ

ಅತ್ತೆ ಸಿಕ್ಕಿಬಿದ್ದರು. ಬಚ್ಚಲಿಗೆ ಟವೆಲ್ ಕೊಡಲು ಹೋದರೆ ಮಗು ಕಾಲ ಮೇಲೆ, ಅಂಗೈ ಹೊಟ್ಟೆಯ ಮೇಲೆ. ಜಗಳವಾಯಿತು.

'ನಿನ್ ಗಂಡನ್ ಹೊಟ್ಟೆನೂ ಇದೇ ಕೈಯಲ್ಲೇ ನೀವಿದ್ದು. ಏನಾಗದೆ ಅವನ್ಗೆ?'

ಇನ್ನು ಮೇಲೆ ನಾನೇ ನೀರು ಹುಯ್ಯುತ್ತೇನೆ ಎಂದೆ. ಗಂಡ ಶಶಿ ಪೇಪರಿನ ಹಿಂದೆ ಅಡಗಿದ್ದ. ಡೇರಿಯಲ್ಲಿ ಹಾಲಿನ ಫ್ಯಾಟ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವ ಮನುಷ್ಯ. ಮನೆಯಲ್ಲಿ ತುಟಿಪಿಟಕ್ ಇಲ್ಲ.

ಫೆಬ್ರವರಿ 2, ಭಾನುವಾರ

ನಾದಿನಿ ಭಾಗ್ಯಲಕ್ಷ್ಮಿ ಬೆಳಕವಾಡಿಯಿಂದ ಬಂದಿದ್ದಳು. ಊಟಕ್ಕೆ ಕೂತಾಗ ಹಳೇ ರಾಗ — ನಮ್ಮ ವಂಶದಲ್ಲಿ ಇಂಥದ್ದಿಲ್ಲ, ಇದು ಯಾರ ಕಡೆಯದು? ಎರಡು ವರ್ಷದಿಂದ ಕೇಳುತ್ತಿದ್ದೇನೆ. ಇವತ್ತು ಬಿಡಲಿಲ್ಲ.

ಮದ್ದೂರಿನ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಬಯಾಲಜಿ ಹೇಳುತ್ತಿದ್ದೇನೆ. ಅಪ್ಪನದೊಂದು ಜೀನು, ಅಮ್ಮನದೊಂದು, ಎರಡೂ ಕೆಲಸ ಮಾಡುತ್ತವೆ ಎಂದು ಎಷ್ಟು ಬ್ಯಾಚಿಗೆ ಬರೆಸಿದೆನೋ. ಎಲ್ಲ ಜೀನೂ ಹಾಗಲ್ಲ ಎಂದು ಮಗಳು ಕಲಿಸಿದಳು. ಯಾರ ಕಡೆಯಿಂದ ಬಂದೆವು ಎಂಬ ಗುರುತನ್ನು ಕೆಲವು ಇಟ್ಟುಕೊಂಡಿರುತ್ತವೆ. ಎಚ್19 ಎಂಬ ಜೀನು ಅಂಥದು. ಅದರಿಂದ ಪ್ರೋಟೀನು ಆಗುವುದಿಲ್ಲ, ಬರೀ ಆರ್‌ಎನ್‌ಎ. ಆದರೂ ಬೆಳವಣಿಗೆ ಮಿತಿ ಮೀರದಂತೆ, ಗೆಡ್ಡೆ ಕಟ್ಟದಂತೆ ಕಾಯುವುದರಲ್ಲಿ ಅದರ ಪಾಲಿದೆ. ಅಮ್ಮನಿಂದ ಬಂದದ್ದು ಮಾತ್ರ ಮಾತಾಡುತ್ತದೆ. ಅಪ್ಪನದರ ಬಾಯಿಗೆ ಬೀಗ. ಪಕ್ಕದಲ್ಲೇ ಇರುವ, ಮೈ ಬೆಳೆಸುವ ಜೀನು ಉಲ್ಟಾ — ಅಲ್ಲಿ ಅಪ್ಪನದೇ ನಡೆಯಬೇಕು. ನನ್ನ ಸ್ಕೂಟಿ ತೋರಿಸಿ ಹೇಳಿದೆ: ಆಕ್ಸಿಲರೇಟರ್ ಅಪ್ಪನದು, ಬ್ರೇಕು ಅಮ್ಮನದು. ಚಂದನಳಲ್ಲಿ ಅಮ್ಮನದಕ್ಕೂ ಬೀಗ ಬಿತ್ತು. ಬ್ರೇಕಿಲ್ಲ, ಅಮ್ಮನ ಕಡೆಯ ಆಕ್ಸಿಲರೇಟರೂ ಶುರುವಾಗಿ ಡಬಲ್. ಅದಕ್ಕೇ ಹುಟ್ಟುವಾಗಲೇ ಐದು ಕೇಜಿ, ಅದಕ್ಕೇ ಈ ಸ್ಕ್ಯಾನುಗಳು. ಗರ್ಭ ಕಟ್ಟಿದ ಮೊದಲ ದಿನಗಳಲ್ಲೇ ಆದ ಎಡವಟ್ಟು. ಟೆಸ್ಟ್ ಮಾಡಿಸಿದರೆ ಆ ದೋಷ ನನ್ನಲ್ಲೂ ಇಲ್ಲ, ಶಶಿಯಲ್ಲೂ ಇಲ್ಲ.

ಭಾಗ್ಯ ಎಲ್ಲ ಕೇಳಿಸಿಕೊಂಡು, 'ಅಂದ್ರೆ ಕೆಟ್ಟಿದ್ದು ನಿಮ್ ಕಡೇದೇ ತಾನೆ ಅತ್ತಿಗೆ?' ಎಂದಳು.

ಅಪ್ಪನದು ಮೊದಲಿನಿಂದಲೂ ಸುಮ್ಮನೆ ಕೂತಿರುತ್ತದೆ, ನಿಮ್ಮಣ್ಣನ ಹಾಗೆ, ಎಂದೆ. ಶಶಿ ಮುದ್ದೆ ಮುರಿಯುತ್ತಿದ್ದ.

ಏಪ್ರಿಲ್ 3, ಗುರುವಾರ

ಎರಡು ತಿಂಗಳು ಬರೆದಿಲ್ಲ. ಪರೀಕ್ಷೆ ಡ್ಯೂಟಿ, ಆಮೇಲೆ ಮೈಸೂರಿಗೆ ವ್ಯಾಲ್ಯುಯೇಶನ್. ಬೆಳಗಿನ ಏಳಕ್ಕೇ ಹೊರಡಬೇಕು. ವಿಧಿಯಿಲ್ಲದೆ ಸ್ನಾನ ಮತ್ತೆ ಅತ್ತೆಯ ಪಾಲಾಗಿತ್ತು — ಹೊಟ್ಟೆ ಮುಟ್ಟಬಾರದು ಎಂಬ ಷರತ್ತಿನ ಮೇಲೆ. ಇವತ್ತು ತಾವಾಗಿಯೇ, ಇನ್ನು ನೀನೇ ಕೂಸಿಗೆ ನೀರು ಹುಯ್ಯಿ, ನನ್ನ ಕೈಲಾಗದು ಎಂದರು.

ಗೆದ್ದೆ!

ಏಪ್ರಿಲ್ 9, ಬುಧವಾರ

ಎಡ ಕಿಡ್ನಿ. ನಾಲ್ಕು ಸೆಂಟಿಮೀಟರ್.

ಡಾ. ವೀಣ ಸುತ್ತಿ ಬಳಸಿ ಮಾತಾಡಲಿಲ್ಲ. ಗೆಡ್ಡೆ. ಬೇಗ ಸಿಕ್ಕಿದೆ, ಒಡೆದಿಲ್ಲ, ಇಂಥ ಮಕ್ಕಳಲ್ಲಿ ಹೆಚ್ಚಿನವರು ಗುಣವಾಗುತ್ತಾರೆ. ಬೆಂಗಳೂರಿಗೆ ಪತ್ರ ಬರೆದುಕೊಟ್ಟರು. ಹೊಟ್ಟೆ ನೀವಿದ್ದರಿಂದ ಬಂತಾ ಎಂದು ಕೇಳಿದೆ. ಇಲ್ಲ. ನೀವಿದರೆ ಇದ್ದದ್ದು ಒಡೆಯಬಹುದು, ಇಲ್ಲದ್ದು ಹುಟ್ಟುವುದಿಲ್ಲ. ಅರ್ಧ ನಿಮಿಷದ ಉತ್ತರ.

ಮನೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿದರು, 'ಎಡಗಡೇಲಾ?'

ನಿಮಗೆ ಹೇಗೆ ಗೊತ್ತು ಎಂದೆ. ಆಮೇಲೆ ಎಲ್ಲ ಹೊರಬಂತು. ನಾನು ಬಸ್ಸು ಹತ್ತಿದ ಮೇಲೆ ದಿನಾ ನೀವುತ್ತಲೇ ಇದ್ದರಂತೆ. ಕಳೆದ ಬುಧವಾರ ಬೆರಳಿಗೆ ನಿಂಬೆಕಾಯಿಯಂಥದ್ದು ಸಿಕ್ಕಿತಂತೆ. ಅದಕ್ಕೇ ಮಾರನೇ ದಿನ ಸ್ನಾನ ಬಿಟ್ಟದ್ದು. ಏಳು ದಿನ ಯಾರಿಗೂ ಹೇಳಿಲ್ಲ.

'ನನ್ ಕೈಯಿಂದ್ಲೇ ಬಂತೇನವ್ವ?'

ಉತ್ತರ ನನ್ನ ಹತ್ತಿರ ಇತ್ತು. ಕೊಡಲಿಲ್ಲ. ಮಗುವನ್ನು ಎತ್ತಿಕೊಂಡು ಒಳಗೆ ಹೋದೆ.

ಏಪ್ರಿಲ್ 13, ಭಾನುವಾರ

ಅತ್ತೆ ಸರಿಯಾಗಿ ಉಂಡು ನಾಲ್ಕು ದಿನ. ಕೈ ಸೆರಗಿನೊಳಗೇ ಇರುತ್ತದೆ. ಪಕ್ಕದ ಮನೆಯ ಬಾಣಂತಿಯ ಕೂಸಿಗೆ ನೀರು ಹುಯ್ಯಲು ಕರೆದರು, ಹೋಗಲಿಲ್ಲ.

ಅಯ್ಯೋ ಅನ್ನಿಸುತ್ತಿಲ್ಲ. ಯಾರ ಕಡೆಯದು ಎಂದು ಕೇಳಿ ಕೇಳಿ ಎರಡು ವರ್ಷ ಇವರೂ ನನ್ನನ್ನು ಹೀಗೇ ಕೂರಿಸಿದ್ದರು. ಅನುಭವಿಸಲಿ.

ಏಪ್ರಿಲ್ 14, ಸೋಮವಾರ

ಭಾಗ್ಯ ಫೋನು ಮಾಡಿದಳು. ಅತ್ತೆಗೆ ಕಿವಿ ಮಂದ, ಸ್ಪೀಕರಿನಲ್ಲೇ ಮಾತು. ನಾನು ಆಗಲೇ ಹೇಳಿರಲಿಲ್ಲವಾ, ಅದು ಅವರ ಕಡೆಯದೇ ಅಂತ, ಎಂದು ಶುರುಮಾಡಿದಳು.

ಅತ್ತೆ ತಡೆದರು. 'ಸುಮ್ನಿರು ಭಾಗ್ಯ. ಅವಳ್ದಲ್ಲ. ನಂದು. ಈ ಕೈಯ್ದು.'

ಅಡುಗೆಮನೆಯಲ್ಲಿ ನಿಂತೇ ಕೇಳಿಸಿಕೊಂಡೆ. ಸುಮ್ಮನಿದ್ದಿದ್ದರೆ ಸಾಕಿತ್ತು, ತಪ್ಪು ನನ್ನ ತಲೆಗೇ ಬರುತ್ತಿತ್ತು. ಅವರು ಸುಮ್ಮನಿರಲಿಲ್ಲ. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು — ನನ್ನ ಮೇಲೇ. ಹೋಗಿ ಫೋನು ಕಿತ್ತುಕೊಂಡೆ. ಯಾರ ಕಡೆಯದೂ ಅಲ್ಲ ಭಾಗ್ಯ, ಕಡೆ ಕೇಳುವುದಾದರೆ ಇನ್ನು ಫೋನು ಮಾಡಬೇಡ ಎಂದು ಕಟ್ ಮಾಡಿದೆ.

'ಅತ್ತೆ, ಇದು ಕೈಯಿಂದ ಬರೋದಲ್ಲ. ಬುಧವಾರಾನೇ ನಂಗೆ ಗೊತ್ತಿತ್ತು. ಬೇಕಂತ್ಲೇ ಹೇಳ್ಲಿಲ್ಲ.'

ಬೈಯುತ್ತಾರೆಂದು ಕಾದೆ. ಸೆರಗಿನಿಂದ ಕೈ ತೆಗೆದು ನೋಡಿಕೊಂಡರು. 'ನಾನೂ ಹೇಳ್ಲಿಲ್ವಲ್ಲವ್ವ' ಎಂದರು.

ಆಮೇಲೆ ಇಬ್ಬರೂ ಒಟ್ಟಿಗೆ ಉಂಡೆವು.

ಏಪ್ರಿಲ್ 23, ಬುಧವಾರ, ಬೆಳಿಗ್ಗೆ 10.30, ಬೆಂಗಳೂರು

ಮೊದಲ ಡ್ರಿಪ್. ಕೆಲವು ವಾರ ಔಷಧಿ, ಆಮೇಲೆ ಆಪರೇಷನ್. ಗೆಡ್ಡೆ ಕುಗ್ಗಿದರೆ ಕಿಡ್ನಿಯ ಉಳಿದ ಭಾಗ ಉಳಿಸಬಹುದಂತೆ. ಶಶಿ ಡಾಕ್ಟರಿಗೆ ಸಾಲಾಗಿ ಒಂಬತ್ತು ಪ್ರಶ್ನೆ ಕೇಳಿದ. ಬೀಗ ಬಿಚ್ಚಿತು.

ಎಂಟು ವರ್ಷ ತುಂಬುವವರೆಗೂ ಮೂರು ತಿಂಗಳಿಗೊಂದು ಸ್ಕ್ಯಾನು. ಒಂದನ್ನೂ ಬಿಡುವುದಿಲ್ಲ. ನನ್ನ ಕಡೆಯ ಜೀನು ಬಾಯಿ ಮುಚ್ಚಿಕೊಂಡಿದೆ. ನಾನು ಮುಚ್ಚಿಕೊಂಡಿಲ್ಲ.

ಅತ್ತೆ ಹಾಸಿಗೆಯ ಕಾಲ ದೆಸೆಯಲ್ಲಿ ಕೂತು ಚಂದನಳ ಪಾದಕ್ಕೆ ಎಣ್ಣೆ ಸವರುತ್ತಿದ್ದಾರೆ. ಮೊಣಕಾಲಿನಿಂದ ಮೇಲಕ್ಕೆ ಕೈ ಹೋಗುವುದಿಲ್ಲ, ನಾನು ನೋಡುತ್ತಿದ್ದೇನೆ. ಅವರಿಗೂ ಗೊತ್ತು, ನೋಡುತ್ತಿದ್ದೇನೆಂದು.

ನರ್ಸು ಸೂಜಿ ತಂದಳು. ಚಂದನ ಎಡಗಾಲು ಬೀಸಿದಳು, ಟ್ರೇ ಹಾರಿ ನೆಲಕ್ಕೆ. ಕಾಲು ಹಿಡ್ಕೊಳ್ಳಿ ಅಜ್ಜಿ ಎಂದಳು ನರ್ಸು. ಅತ್ತೆ ಹಿಡಿಯಲಿಲ್ಲ.

'ಒದೀಲಿ ಬುಡವ್ವ. ನಮ್ ಕೂಸು, ಚೆನ್ನಾಗಿ ಒದೀಲಿ.'

ಇನ್ನೊಂದು ಸೂಜಿ ತರುತ್ತಿದ್ದಾರೆ. ನಾನೇ ಹೋಗಿ ಮಗುವನ್ನು ಹಿಡಿದುಕೊಳ್ಳುತ್ತೇನೆ.