ನಾಲ್ಕನೆಯ ದ್ವೀಪದಿಂದ ಅಣ್ಣನಿಗೆ

ಪ್ರೀತಿಯ ಅಣ್ಣಾ,

ಫೋನನ್ನು ನಾನು ಬೇಕೆಂದೇ ಆಫ್ ಮಾಡಿ ಚೀಲದ ತಳಕ್ಕೆ ತಳ್ಳಿದ್ದೇನೆ. ಅದು ಕೆಟ್ಟಿಲ್ಲ, ಕಳೆದೂ ಹೋಗಿಲ್ಲ. ನಿನ್ನ ದನಿ ಕಿವಿಗೆ ಬಿದ್ದರೆ ಸಾಕು, ನನ್ನ ನಾಲಿಗೆ ತಾನಾಗಿಯೇ ‘ಸರಿ ಅಣ್ಣ’ ಎಂದುಬಿಡುತ್ತದೆ. ನಲವತ್ತೊಂದು ವರ್ಷದ ಹೆಂಗಸು ನಾನು. ಇನ್ನಾದರೂ ಆ ನಾಲಿಗೆಗೆ ಕಡಿವಾಣ ಹಾಕಬೇಕು. ಕಾಗದವಾದರೆ ನಡುವೆ ನೀನು ಬಾಯಿ ಹಾಕಲಾರೆ. ಬರೆದು ಮುಗಿಸಿದ ಮೇಲೆ ನನ್ನ ಜೊತೆಗಿರುವ ಟೀಚರ್ ಪುಟಗಳ ಫೋಟೊ ತೆಗೆದು ನಿನಗೆ ಕಳಿಸುತ್ತಾಳೆ. ಮೊದಲು ಒಂದು ಮಾತು: ಹುಷಾರಾಗಿದ್ದೇನೆ. ಮಾತ್ರೆ ಹೊತ್ತುಹೊತ್ತಿಗೆ ನುಂಗಿದ್ದೇನೆ. ಈಗ ಸಮಾಧಾನವಾಗಿ ಓದು.

ನನಗೆ ಹನ್ನೆರಡಾಗಿದ್ದಾಗ ಕೆರೆಯಲ್ಲಿ ಮೊದಲ ಸಲ ಫಿಟ್ಸ್ ಬಂತು. ಹದಿನೈದರ ನೀನು ಹಾರಿ, ಜುಟ್ಟು ಹಿಡಿದು ದಡಕ್ಕೆಳೆದೆ. ಅದನ್ನು ನಾನು ಒಂದು ದಿನವೂ ಮರೆತಿಲ್ಲ. ಆದರೆ ಅಣ್ಣಾ, ನೀನು ಆ ಜುಟ್ಟನ್ನು ಇವತ್ತಿನವರೆಗೂ ಬಿಟ್ಟಿಲ್ಲ. ಬಚ್ಚಲುಮನೆಯ ಚಿಲಕ ಕಿತ್ತೆ. ಸೈಕಲ್ ಮಾರಿದೆ. ಕನ್ನಡಕದ ಅಂಗಡಿ ತೆರೆದಾಗ ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುವ ಯಂತ್ರದ ಮುಂದೆ ನನ್ನನ್ನು ಕೂರಿಸಿ, ನಡುಗೋಡೆ ಒಡೆಸಿ ಗಾಜು ಹಾಕಿಸಿದೆ. ಹದಿನೆಂಟು ವರ್ಷ ನಾನು ನಿನ್ನ ಕಣ್ಣಳತೆಯಲ್ಲೇ ಕೂತು ಊರಿನವರಿಗೆಲ್ಲ ದೂರ ಕಾಣುವ ಗಾಜು ಉಜ್ಜಿದೆ. ಯಾರಾದರೂ ಕೇಳಿದರೆ, ‘ಅವಳಿಗೆ ಸ್ವಲ್ಪ ತಲೆಸುತ್ತು’ ಎಂದು ನೀನೇ ಉತ್ತರ ಕೊಡುತ್ತಿದ್ದೆ. ಎಲ್ಲವೂ ಪ್ರೀತಿಯಿಂದಲೇ. ಕೇಡಿಗಳಾದರೆ ಎದುರು ಬೀಳಬಹುದು, ಪ್ರೀತಿಸುವವರ ಜೊತೆ ಜಗಳವಾಡುವುದು ಹೇಗೆ?

ವಿಸಿಲ್ ಮತ್ತು ಟೀಚರ್ ನಿನಗೆ ಗಿರಾಕಿಗಳಾಗಿ ಮಾತ್ರ ಗೊತ್ತು. ವಿಸಿಲ್ ಎಂದರೆ ಆ ಬಸ್ ಕಂಡಕ್ಟರ್; ಅವಳ ಗಂಟಲು ಅಂಗಡಿಗೆಲ್ಲ ಕೇಳಿಸುತ್ತದೆಂದು ನೀನು ಮುಖ ಸಿಂಡರಿಸುತ್ತಿದ್ದೆ. ಡ್ರಾಯಿಂಗ್ ಟೀಚರ್ ಬಂದರೆ ಫ್ರೇಮ್ ಆರಿಸಲು ಅರ್ಧ ದಿನ ಬೇಕೆಂದು ಗೊಣಗುತ್ತಿದ್ದೆ. ಅವರಿಬ್ಬರೂ ಕಾಯುವ ಬೇಸರಕ್ಕೆ ಹಿಂದಿನ ಕೋಣೆಗೆ ಬಂದು ನನ್ನ ಸ್ನೇಹಿತೆಯರಾದರು. ಬೆನ್ನಿಗೊಂದು ಚೀಲ ಹಾಕಿಕೊಂಡು ಹದಿನೆಂಟು ದಿನ ದ್ವೀಪದಿಂದ ದ್ವೀಪಕ್ಕೆ ಅಲೆಯುವ ಯೋಚನೆ ಅವರದು. ನನ್ನನ್ನೂ ಕರೆದರು. ವೈದ್ಯರನ್ನು ಕೇಳಿದೆ. ಜೊತೆಗೆ ಜನ ಇರಲಿ, ನೀರಿಗಿಳಿದರೆ ಲೈಫ್ ಜಾಕೆಟ್ ಇರಲಿ, ನಿದ್ದೆ ಕೆಡಿಸಬೇಡ, ಹೋಗಿ ಬಾ ಎಂದರು. ಅವರಿಗಿದ್ದ ಧೈರ್ಯ ನಿನಗಿರಲಿಲ್ಲ. ನನ್ನ ಪಾಸ್‌ಪೋರ್ಟನ್ನು ಅಂಗಡಿಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಆ ಮಧ್ಯಾಹ್ನ ನೀನು ಒಬ್ಬ ಮುದುಕರ ಕಣ್ಣಿಗೆ ಗಾಜು ಬದಲಾಯಿಸುತ್ತ, “ಈಗ ಚೆನ್ನಾಗಿ ಕಾಣುತ್ತಾ, ಮೊದಲು ಕಾಣ್ತಿತ್ತಾ?” ಎಂದು ಕೇಳುತ್ತಿದ್ದೆ. ನಾನು ನಿನ್ನ ಮೇಜಿನ ಮೇಲಿಂದ ಬೀಗದ ಕೈ ತೆಗೆದುಕೊಂಡು, ನಿನ್ನೆದುರೇ ಬೀರು ತೆರೆದು, ನನ್ನ ಪಾಸ್‌ಪೋರ್ಟ್ ತೆಗೆದುಕೊಂಡೆ. ಕದ್ದು ತೆಗೆಯಬಹುದಿತ್ತು. ಕದಿಯಲು ಅದು ನಿನ್ನದಾಗಿರಲಿಲ್ಲ. ನೀನು ಒಂದೇ ಮಾತು ಹೇಳಿದೆ: “ಸಮುದ್ರದಲ್ಲಿ ಬಿದ್ರೆ ಯಾರೇ ಹಾರ್ತಾರೆ ನಿಂಗೋಸ್ಕರ?” ನಾನು ಬೀಗದ ಕೈಯನ್ನು ಮತ್ತೆ ನಿನ್ನ ಮೇಜಿನ ಮೇಲಿಟ್ಟು ಹೊರಟೆ.

ಮೊದಲ ಎರಡು ದ್ವೀಪಗಳು ಕನಸಿನ ಹಾಗೆ ಕಳೆದವು. ದೋಣಿ ಹತ್ತಿದರೆ ಸಾಕು, ಟೀಚರ್ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕುತ್ತಿದ್ದಳು. ವಿಸಿಲ್ ಅಭ್ಯಾಸಬಲದಿಂದ ಪ್ರಯಾಣಿಕರನ್ನೆಲ್ಲ “ಒಳಗೆ ಸರೀರಿ, ಬಾಗಿಲಲ್ಲಿ ನಿಲ್ಲಬೇಡಿ” ಎಂದು ಗದರುತ್ತಿದ್ದಳು. ದೋಣಿಗೆ ಬಾಗಿಲೆಲ್ಲಿಂದ ಬರಬೇಕು? ನಕ್ಕು ನಕ್ಕು ನನ್ನ ಪಕ್ಕೆ ಹಿಡಿದುಕೊಂಡಿತು. ಮೂವರೂ ಒಂದೇ ಕೋಣೆಯಲ್ಲಿ ಒಗೆದ ಬಟ್ಟೆಯನ್ನು ಕಿಟಕಿಗೆ ನೇತುಹಾಕಿ, ಮರಳು ತುಂಬಿದ ಚಪ್ಪಲಿ ಕೊಡವಿ, ನಕಾಶೆ ಹರವಿಕೊಂಡು ಜಗಳವಾಡುತ್ತಿದ್ದೆವು. ಅಲ್ಲಿ ಕದದ ಚಿಲಕ ನಾನೇ ಹಾಕುತ್ತಿದ್ದೆ.

ಮೂರನೆಯ ದ್ವೀಪದ ದೋಣಿಕಟ್ಟೆಯಲ್ಲಿ, ಬೆಳಿಗ್ಗೆ ಸಾಲಿನಲ್ಲಿ ನಿಂತಿದ್ದಾಗ ಮೂಗಿಗೆ, ಫಿಟ್ಸ್ ಬರುವ ಮುಂಚೆ ಯಾವಾಗಲೂ ಬರುವ ಆ ಸುಟ್ಟ ರಬ್ಬರಿನ ವಾಸನೆ ಬಂತು. ವಿಸಿಲ್‌ಳ ತೋಳು ಹಿಡಿದದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ, ನಾನು ಮೊದಲೇ ಹೇಳಿಕೊಟ್ಟಿದ್ದ ಹಾಗೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿದ್ದರು, ತಲೆಯ ಕೆಳಗೆ ಟೀಚರ್‌ಳ ಟವೆಲಿತ್ತು. ಎರಡು ನಿಮಿಷ ಹತ್ತು ಸೆಕೆಂಡು ಎಂದು ವಿಸಿಲ್ ಗಡಿಯಾರ ನೋಡಿ ಬರೆದಿಟ್ಟಿದ್ದಳು. ಯಾರೂ ಅತ್ತಿರಲಿಲ್ಲ. ಆರೋಗ್ಯಕೇಂದ್ರದ ನರ್ಸಮ್ಮ ಪರೀಕ್ಷಿಸಿ, ಒಂದು ದಿನ ಸುಮ್ಮನೆ ಮಲಗಿ, ನಾಳೆ ಹೊರಡಿ ಎಂದರು. ಆದರೆ ದೋಣಿಯವನು ಮಾತ್ರ ನನ್ನನ್ನು ಹತ್ತಿಸಲಾರೆನೆಂದು ಹೇಳಿ ಹೊರಟುಹೋಗಿದ್ದ.

ನಿನಗೆ ಸುದ್ದಿ ಮುಟ್ಟಿಸಿದ್ದು ನಾನೇ. ಮುಚ್ಚಿಡುವುದು ಬೇಡವೆನಿಸಿತು. ನೀನು ಹೇಳಿದೆ: “ಅಲ್ಲೇ ಇರು, ಎಲ್ಲೂ ಅಲ್ಲಾಡಬೇಡ. ನಾನು ಬಂದು ಕರ್ಕೊಂಡು ಹೋಗ್ತೀನಿ. ನಾನು ಹೇಳಿರ್ಲಿಲ್ವಾ?”

“ಬರಬೇಡ ಅಣ್ಣ. ನಾಳೆ ನಾನು ಮುಂದಿನ ದ್ವೀಪಕ್ಕೆ ಹೋಗ್ತಿದೀನಿ.”

ಅಷ್ಟು ಹೇಳಿ ಫೋನ್ ಆಫ್ ಮಾಡಿ ಚೀಲದ ತಳಕ್ಕೆ ತಳ್ಳಿದೆ.

ಮರುದಿನ ಅದೇ ದೋಣಿಯವನ ಮುಂದೆ ಹೋಗಿ ನಿಂತೆ. ವಿಸಿಲ್ ಗಂಟಲು ಸರಿಮಾಡಿಕೊಂಡಳು. ಬೇಡವೆಂದು ಕೈ ಮಾಡಿದೆ. ನನಗೆ ಮೂರ್ಛೆರೋಗ ಇದೆ ಎಂದು ನಾನೇ, ಬಂದಷ್ಟು ಇಂಗ್ಲಿಷಿನಲ್ಲಿ, ಗಟ್ಟಿಯಾಗಿ ಹೇಳಿದೆ. ಬಂದರೆ ಎರಡು ಮೂರು ನಿಮಿಷ ಇರುತ್ತದೆ, ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಕರೆದೊಯ್ಯಿರಿ ಎಂದೆ. ಸಾಲಿನಲ್ಲಿದ್ದ ಇಪ್ಪತ್ತು ಜನರೂ ಕೇಳಿಸಿಕೊಂಡರು. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಗುರುತಿಲ್ಲದವರೆದುರು ಆ ಹೆಸರನ್ನು ನಾನು ಮೊದಲ ಸಲ ಹೇಳಿದ್ದು. ಭೂಮಿಯೇನೂ ಬಾಯಿ ಬಿಡಲಿಲ್ಲ. ದೋಣಿಯವನು ತಲೆ ಕೆರೆದುಕೊಂಡು, “ಇಷ್ಟೇನಾ? ನಿನ್ನೆ ಏನಾಯ್ತೋ ಅಂತ ನಂಗೇ ಕೈಕಾಲು ಬಿದ್ದುಹೋಗಿತ್ತು. ಅಂಚಿಗೆ ಬೇಡ, ನಡುವೆ ಕೂತ್ಕೊಳ್ಳಿ” ಎಂದ. ತಾನೇ ಜಾಕೆಟ್ಟಿನ ಪಟ್ಟಿ ಬಿಗಿದು ನೋಡಿದ.

ಇವತ್ತು ಬೆಳಿಗ್ಗೆ ನಾನು ಸಮುದ್ರಕ್ಕಿಳಿದೆ. ಒಂದು ಕಡೆ ವಿಸಿಲ್, ಇನ್ನೊಂದು ಕಡೆ ಟೀಚರ್, ಮೈಮೇಲೆ ಕಿತ್ತಳೆ ಬಣ್ಣದ ಜಾಕೆಟ್. ನೀರು ಎದೆಯವರೆಗೆ ಬಂದಾಗ ಅಂಗಾತ ಮಲಗಿದೆ. ಕಿವಿ ಮುಳುಗಿತು. ಜಗತ್ತಿನ ಸದ್ದೆಲ್ಲ ನಿಂತು, ನನ್ನ ಉಸಿರು ಮಾತ್ರ ಕೇಳಿಸುತ್ತಿತ್ತು. ನಾನು ತೇಲಿದೆ ಅಣ್ಣಾ. ಇನ್ನೊಂದು ಫಿಟ್ಸ್ ಬಂದೇ ಬರಬಹುದು. ಅದು ಅಂಗಡಿಯ ಹಿಂದಿನ ಕೋಣೆಗೂ ಬರುತ್ತದೆ. ಅದರ ಭಯಕ್ಕೆ ಇದೆಲ್ಲವನ್ನೂ ನಾನು ಬಿಟ್ಟುಕೊಡುವುದಿಲ್ಲ. ಇದು ಅಪ್ಪಣೆ ಕೇಳುವ ಪತ್ರವಲ್ಲ. ಇನ್ನೂ ಎರಡು ದ್ವೀಪ ಬಾಕಿ ಇವೆ, ನೋಡಿಯೇ ಬರುತ್ತೇನೆ. ಬಂದ ಮೇಲೆ ವಿಸಿಲ್‌ಳ ಮನೆಯ ಮಹಡಿ ಕೋಣೆಗೆ ವಾಸಕ್ಕೆ ಹೋಗುತ್ತೇನೆ. ಕೆಲಸಕ್ಕೆ ಬರುವುದು ತಪ್ಪಿಸುವುದಿಲ್ಲ.

ಒಂದು ಮಾತು ಇವತ್ತು ನೀರಿನಲ್ಲಿ ಮಲಗಿದ್ದಾಗ ಹೊಳೆಯಿತು. ನಮ್ಮ ಬೀದಿಯಲ್ಲಿ ನಿನ್ನಷ್ಟು ಚೆನ್ನಾಗಿ ಈಜುವವರು ಯಾರೂ ಇರಲಿಲ್ಲ. ನನ್ನನ್ನು ಎಳೆದು ತಂದ ದಿನದಿಂದ ನೀನೂ ನೀರಿಗಿಳಿದಿಲ್ಲ. ನನಗೆ ಆಗ ವೈದ್ಯರು ಬೇಡವೆಂದಿದ್ದರು ಎನ್ನೋಣ; ನಿನಗೆ ಯಾರು ಬೇಡವೆಂದರು?

ಟೀಚರ್ ಈ ದ್ವೀಪದ ದಾರಿಯನ್ನು ಹಾಳೆಯ ಹಿಂದೆ ಬರೆದಿದ್ದಾಳೆ. ಭಾನುವಾರದವರೆಗೆ ಇಲ್ಲೇ ಇರುತ್ತೇವೆ. ನನ್ನನ್ನು ಕಾಯುವುದಕ್ಕಾದರೆ ಬರಬೇಡ. ಈಜುವುದಕ್ಕಾದರೆ ಬಾ.

ದೊಡ್ಡವನೆಂದು ಯಾವಾಗಲೂ ನೀನೇ ಹರಸುತ್ತಿದ್ದೆ. ಈ ಸಲ ನಾನು ಹರಸುತ್ತೇನೆ: ನಿನ್ನ ಭಯ ಇಳಿಯಲಿ, ಆಯಸ್ಸು ಬೆಳೆಯಲಿ.

ಇನ್ನೂ ಒದ್ದೆ ತಲೆಯಲ್ಲೇ ಕೂತು ಬರೆದ,
ನಿನ್ನ ತಂಗಿ