ಬಸಣ್ಣ ಕಾಕಾ ಕೇಳಿದ್ದು

ಸೊಲ್ಲಾಪುರ, ಫೆಬ್ರವರಿ ೧೯೯೭

ಅಪ್ಪಾ,

ನನ್ನ ಮಗಳು ಶೀತಲ ಇವತ್ತು ಮುಂಬೈ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದಳು. ನನ್ನ ತಮ್ಮ ಸಿದ್ಧರಾಮನನ್ನು ಒಯ್ದ ರಕ್ತದ ಕಾಯಿಲೆಯೇ ಅವಳಿಗೂ ಬಂದಿತ್ತು. ಮನೆಯವರ್ಯಾರ ಎಲುಬಿನ ಮಜ್ಜೆಯೂ ಅವಳಿಗೆ ಹೊಂದಲಿಲ್ಲ. "ಸಿಕ್ಕರೆ ನಿಮ್ಮ ಸಣ್ಣ ಸಮಾಜದಲ್ಲೇ ಸಿಗಬೇಕು. ಆದರೆ ನಿಮ್ಮವರು ಯಾರೂ ಪರೀಕ್ಷೆಗೆ ಬಂದೇ ಇಲ್ಲವಲ್ಲ" ಎಂದರು ಡಾಕ್ಟರು.

"ಮಂದಿಗಿ ಗೊತ್ತಾಗಬಾರ್ದು, ನಿನ್ನ ಲಗ್ನ ಆಗೋದೈತಿ" ಎಂದು ಸಿದ್ಧರಾಮ ಮಲಗಿದ್ದಾಗ ನೀವು ಹೇಳಿದ್ದಿರಿ. ಈ ಸಲ ನಾನು ಅಕ್ಕಲಕೋಟೆಯಲ್ಲಿ ಸಮಾಜದ ಸಭೆಯಲ್ಲೇ ಎದ್ದು ನಿಂತು ಕೇಳಿಕೊಂಡೆ. ಮಜ್ಜೆ ಕೊಟ್ಟರೆ ಸೊಂಟ ಹೋಗುತ್ತದೆಂದು ಎಲ್ಲರೂ ಹೆದರಿದರು. ಹನ್ನೂರಿನ ಗುರುಬಾಯಿ ಕಾಕು ಮಾತ್ರ, "ಕೂಸು ಉಳೀತದಂದ್ರ ನನ್ನ ರಕ್ತ ನೋಡ್ರಿ" ಎಂದು ಮುಂದೆ ಬಂದರು. ಆಮೇಲೆ ಒಬ್ಬೊಬ್ಬರಾಗಿ ಎದ್ದರು. ಹೊಂದಿದ್ದು, ಕಾಕುವಿನ ಬೈಗುಳಕ್ಕೆ ಅಂಜಿ ಕೊನೆಗೆ ಬಂದ ಅವರ ಗಂಡ ಬಸಣ್ಣ ಕಾಕಾನ ಮಜ್ಜೆ! ಉಳಿದವರೂ ಈಗ ಯಾರ ಮಕ್ಕಳಿಗಾದರೂ ಕೊಡುತ್ತೇವೆಂದು ಹೆಸರು ಬರೆಸಿದ್ದಾರೆ.

ಇವತ್ತು ಕಾಕಾ ಶೀತಲಳನ್ನು ನೋಡಲು ಬಂದಿದ್ದರು. ಸೊಂಟ ಗಟ್ಟಿಯಾಗಿಯೇ ಇದೆ.

"ಸಿದ್ಧರಾಮಗೂ ಇದೇ ಬ್ಯಾನಿ ಇತ್ತಂತಲ್ಲವ್ವಾ. ಆಗ ನಮಗ್ಯಾಕ ಹೇಳಲಿಲ್ಲ?" ಎಂದು ಕೇಳಿದರು.

ನಾನು ನಿಮ್ಮ ಹೆಸರೆತ್ತಲಿಲ್ಲ, ಅಪ್ಪಾ. "ಊಟಕ್ಕ ಏಳ್ರಿ ಕಾಕಾ" ಎಂದೆ. ಶೀತಲ ಅವರ ಪಕ್ಕದಲ್ಲೇ ಕುಳಿತು ಒಂದು ರೊಟ್ಟಿ ಪೂರ್ತಿ ತಿಂದಳು.

ನಿಮ್ಮ ಅನುಜಾ