ಅಂಗಿಯಂತೆ ಹೊಲಿದ ಬೇಲಿ

...‘ಒಂದು ಮರಕ್ಕೂ ಕೈ ಹಚ್ಚಿಲ್ಲ’ ಅಂದಿರೋ, ‘ಒಂದು ಮರಕ್ಕೂ ಕೊಡಲಿ ತಾಗಿಸಿಲ್ಲ’ ಅಂದಿರೋ, ಈಗ ಸರಿಯಾಗಿ ನೆನಪಿಲ್ಲ. ತಮ್ಮ ಭಾಷಣಕ್ಕೆ ಬಿದ್ದ ಚಪ್ಪಾಳೆ ಮಾತ್ರ ನೆನಪಿದೆ. ಎರಡೂ ನಿಜವೇ, ರಸ್ತೆ ಅಗಲೀಕರಣದ ಮುಖ್ಯಸ್ಥರಾದ ಮಾನ್ಯರೇ. ತಾವು ಮರಗಳನ್ನು ಕಡಿಯಲಿಲ್ಲ. ಬೇರು ಕತ್ತರಿಸಿ ನಿಂತಲ್ಲೇ ನಿಲ್ಲಿಸಿದ್ದೀರಿ.

ನನ್ನ ಅಕ್ಕನ ಹೊಲಿಗೆ ಅಂಗಡಿಯ ಮುಂದಿನ ಮರವನ್ನೇ ನೋಡಿ. ಕಾಂಡಕ್ಕೆ ಅಂಟಿದಂತೆ ಹಸಿರು ತಗಡಿನ ಬೇಲಿ, ಅದರ ಮೇಲೆ ‘ಸಂರಕ್ಷಿತ ಮರ’ ಎಂಬ ಫಲಕ. ಕೊಂಬೆ ಚಾಚಿದಷ್ಟು ದೂರವಾದರೂ ಬೇರು ಹರಡಿರುತ್ತದೆ, ಬೇಲಿಯೂ ಅಷ್ಟು ದೂರ ಇರಬೇಕು ಎಂಬುದು ತಮ್ಮ ಕಚೇರಿಯಲ್ಲಿ ಯಾರಿಗೂ ಹೊಳೆಯಲಿಲ್ಲವೆ? ಅಥವಾ ಹೊಳೆದದ್ದನ್ನು ಊಟದ ಹೊತ್ತಿಗೆ ಮರೆತುಬಿಟ್ಟರೇ? ಬೇಲಿಯಿಂದ ಗೇಣು ದೂರದಲ್ಲಿ ಚರಂಡಿಗೆಂದು ಕಾಲುವೆ ತೋಡಿದರು. ತೊಡೆ ಗಾತ್ರದ ಬೇರುಗಳು ಅಗೆಯುವ ಯಂತ್ರದ ಹಲ್ಲಿಗೆ ಸಿಕ್ಕಿ ಸೀಳಿಹೋದವು. ಕಾಂಕ್ರೀಟ್ ಕಲಸಿದ ಡ್ರಮ್ಮು ತೊಳೆದ ನೀರನ್ನು ಬೇಲಿಯೊಳಗೇ ಸುರಿದರು. ಮರಕ್ಕೆ ನೀರೆರೆದ ಪುಣ್ಯವೂ ತಮಗೇ ಸೇರಲಿ.

“ಏನಪ್ಪಾ, ಅಂಗಿ ಹೊಲಿದಂಗೆ ಬೇಲಿ ಹಾಕಿದೀಯ, ಉಸಿರು ಬಿಡೋಕಾದ್ರೂ ಜಾಗ ಬೇಡ್ವಾ?” ಎಂದು ಅಕ್ಕ ಮೇಸ್ತ್ರಿಯನ್ನು ಕೇಳಿದಳು.

“ಬೇಲಿ ಒಳಗೆ ನಾವು ಕಾಲೇ ಇಟ್ಟಿಲ್ಲ ಕಣಕ್ಕಾ.”

“ನಿನ್ನ ಕಾಲು ಇಡ್ಲಿಲ್ಲ, ಸರಿ. ಅದರ ಕಾಲು ಕತ್ತರಿಸಿದೀಯಲ್ಲ.”

ಅವನು ನಕ್ಕ. ನಾನೂ ನಕ್ಕೆ. ಆಮೇಲೆ ಬಂದ ಮೊದಲ ಗಾಳಿಗೆ ಮರ ಅಂಗಡಿಯ ಕಡೆ ವಾಲಿತು.

ಕೊಂಬೆಗಳ ಭಾರ ಇಳಿಸಲು ಅನುಮತಿ ಕೇಳಿದೆವು. ಮರ ಸಂರಕ್ಷಿತ, ಮುಟ್ಟುವಂತಿಲ್ಲ, ಭಯವಾದರೆ ಅಂಗಡಿ ಖಾಲಿ ಮಾಡಿ ಎಂದು ತಮ್ಮ ಕಚೇರಿ ಉತ್ತರಿಸಿತು. ಕೊಂದ ಮೇಲೆ ಕಾವಲು ಕೂರುವ ಇಂಥ ನಿಷ್ಠೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಕ್ಕ ಎಲ್ಲಿಗೆ ಹೋಗಬೇಕು? ಆ ಅಂಗಡಿಯಲ್ಲಿ ಬೆಳಕು ಬರುವುದು ಮುಂಬಾಗಿಲಲ್ಲಿ ಮಾತ್ರ. ಹೊಲಿಗೆ ಯಂತ್ರ ಅಲ್ಲೇ ಇದೆ, ಅವಳೂ ಅಲ್ಲೇ. ಗಾಳಿ ಎದ್ದಾಗ ಪೆಡಲ್ ನಿಲ್ಲಿಸಿ ಮೇಲೆ ನೋಡುತ್ತಾಳೆ. ನೂಲನ್ನು ಹಲ್ಲಿನಿಂದ ಕಚ್ಚಿ ಹರಿದು ಮತ್ತೆ ಶುರುಮಾಡುತ್ತಾಳೆ.

ಆದ್ದರಿಂದ, ಮರಗಳನ್ನು ಬಲ್ಲವರನ್ನು ಕಳಿಸಿ ಇದರ ಭಾರ ಇಳಿಸಿ, ಆಸರೆಗೆ ಕಂಬ ಕೊಡಿಸಿ. ಕಾಲುವೆ ಇನ್ನೂ ತಲುಪದ ಮುಂದಿನ ಮರಗಳಿಗಾದರೂ ಕೊಂಬೆಯ ಹರವಿನಷ್ಟು ಬೇಲಿ ಹಾಕಿ, ಅಗೆಯುವ ಯಂತ್ರವನ್ನು ಅದರಾಚೆ ನಿಲ್ಲಿಸಿ. ನನ್ನ ಮಾತು ಅತಿಯೆನಿಸಿದರೆ ತಾವೇ ಬನ್ನಿ. ಅಕ್ಕ ಅಂಗಿ ಚೆನ್ನಾಗಿ ಹೊಲಿಯುತ್ತಾಳೆ. ಅಳತೆ ಕೊಡಲು ಆ ಮುಂಬಾಗಿಲಲ್ಲೇ, ಆ ಕೊಂಬೆಯ ಕೆಳಗೇ, ಅಲುಗಾಡದೆ ನಿಲ್ಲಬೇಕು. ಗಾಳಿ ಬೀಸುವ ದಿನ ಬರುತ್ತೀರಾ?

ಇಂತಿ,
ನಿಮ್ಮ ಸಂರಕ್ಷಣೆಗೆ ಇನ್ನೂ ಸಿಕ್ಕದ,
ದರ್ಜಿ ಅಕ್ಕನ ತಮ್ಮ